ಚಿಕ್ಕಪ್ಪನ ಪಕ್ಕದ ಖಾಲಿ ಜಾಗ

ಫೋನಿನ ಪರದೆಯ ಮೇಲೆ ‘ಟೈಪಿಂಗ್’ ಎಂಬ ಪದ ಮೂಡಿದರೆ ಸಾಕು, ಕೆಮ್ಮಣ್ಣುಗುಂಡಿಯ ತಿರುವಿನಲ್ಲಿ ಬಸ್ಸು ಹೊರಳಿದಾಗ ಮುಂದಿನ ಸೀಟಿನ ಕಂಬಿ ಹಿಡಿಯುವ ಹಾಗೆ ನಾನು ಕೂತಲ್ಲೇ ಕುರ್ಚಿಯ ಕೈ ಹಿಡಿದುಕೊಳ್ಳುತ್ತೇನೆ. ಯಾರೋ ನನಗೆ ಏನನ್ನೋ ಬರೆಯುತ್ತಿದ್ದಾರೆ, ನಿಲ್ಲಿಸಿದರು, ಮತ್ತೆ ಬರೆಯುತ್ತಿದ್ದಾರೆ. ಇಷ್ಟು ಹೊತ್ತು ಬರೆಯುವಂಥದ್ದು ನಾನೇನು ಮಾಡಿದೆ ಎಂದು ನನ್ನ ಜೀವಮಾನದ ತಪ್ಪುಗಳನ್ನೆಲ್ಲ ಒಂದು ಸಲ ತಿರುವಿ ಹಾಕಿ ಮುಗಿಸುವ ಹೊತ್ತಿಗೆ ‘ಊಟ ಆಯ್ತಾ’ ಎಂಬ ಪ್ರಶ್ನೆ ಬಂದು ಬೀಳುತ್ತದೆ. ಅದಕ್ಕೆ ‘ಆಯ್ತು’ ಎಂದಷ್ಟೇ ಬರೆದರೆ ಒರಟಾದೀತು, ‘ಆಯ್ತು, ನಿಮ್ಮದು?’ ಎಂದರೆ ಮಾತು ಬೆಳೆದೀತು, ಹೂವಿನ ಚಿತ್ರ ಹಾಕಿದರೆ ಸಲಿಗೆಯಾದೀತು ಎಂದು ಯೋಚಿಸುತ್ತ ಕೂತು ನಿಜವಾದ ಊಟ ಆರಿಹೋದ ಪ್ರಸಂಗಗಳುಂಟು. ನಾನು ರಸಾಯನಶಾಸ್ತ್ರ ಓದಿದವಳು. ಕಡೂರಿನ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಡುತ್ತ, ಬಣ್ಣ ತಿರುಗುವ ಗಳಿಗೆಗೆ ಸರಿಯಾಗಿ ಕೈ ನಿಲ್ಲಿಸಬಲ್ಲೆ. ಆದರೆ ಕುಟುಂಬದ ಗ್ರೂಪಿನಲ್ಲಿ ಅತ್ತಿಗೆಯ ಹುಟ್ಟುಹಬ್ಬಕ್ಕೆ ಯಾವ ಗಳಿಗೆಯಲ್ಲಿ ಶುಭ ಕೋರಬೇಕೆಂಬುದು ಇವತ್ತಿಗೂ ತಿಳಿದಿಲ್ಲ. ಎಲ್ಲರಿಗಿಂತ ಮೊದಲು ಹೇಳಿದರೆ ಕಾದು ಕೂತಿದ್ದಳು ಅನ್ನುತ್ತಾರೆ. ಕೊನೆಗೆ ಹೇಳಿದರೆ ಯಾರೋ ನೆನಪಿಸಿದರು ಅನ್ನುತ್ತಾರೆ. ಹಾಗಾಗಿ ನಡುವಿನ ಗದ್ದಲದಲ್ಲಿ ನುಸುಳಿ, ಮದುವೆಮನೆಯ ಎರಡನೇ ಪಂಕ್ತಿಯಲ್ಲಿ ಉಂಡು ಎದ್ದುಬರುವವಳ ಹಾಗೆ, ಹೇಳಿ ಬಂದುಬಿಡುತ್ತೇನೆ.

ಈ ಕಳವಳಕ್ಕೆ ನಾನು ಕಂಡುಕೊಂಡ ಮದ್ದು ಖಾಲಿ ಗೋಡೆ. ನಗಬೇಡಿ. ಜಾಲತಾಣದಲ್ಲಿ ನನ್ನ ಹೆಸರಾಗಲಿ ಮುಖವಾಗಲಿ ಇಲ್ಲದ ಪುಟವೊಂದು ನನಗಿದೆ. ಅದರಲ್ಲಿ ನನ್ನ ಕೋಣೆಯ ಬಿಳಿ ಗೋಡೆ, ಅದರ ಮೇಲೆ ಬಿದ್ದ ಕಿಟಕಿಯ ನೆರಳು, ಒಂದು ಮರದ ಸ್ಟೂಲು, ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಚೊಂಬು, ಇಂಥವನ್ನು ಹಾಕುತ್ತೇನೆ. ಎಲ್ಲೆಲ್ಲಿಯೋ ಇರುವ, ನನ್ನ ಹಾಗೆಯೇ ಫೋನು ಗುಂಯ್‌ಗುಟ್ಟಿದರೆ ಬೆಚ್ಚುವ ಜೀವಗಳು ಬಂದು ‘ಉಸಿರು ಬಂದ ಹಾಗಾಯಿತು’ ಎಂದು ಬರೆದು ಹೋಗುತ್ತವೆ. ಅವರಿಗೆ ಉತ್ತರ ಕೊಡುವಾಗ ಮಾತ್ರ ನಾನು ಬರೆದದ್ದನ್ನು ಅಳಿಸುವುದಿಲ್ಲ. ಪಾಠ ಮುಗಿಸಿ ಕಡೂರಿನಿಂದ ಅಜ್ಜಂಪುರಕ್ಕೆ ರೈಲಿನಲ್ಲಿ ಬರುವಾಗ, ಕೂರಲು ಜಾಗವಿಲ್ಲದೆ ಬಾಗಿಲ ಬಳಿ ಒಂಟಿ ಕಾಲಿನಲ್ಲಿ ನಿಂತು, ನಾನು ಫೋನಿನ ವಿನ್ಯಾಸದ ಆ್ಯಪಿನಲ್ಲಿ ವಿಶಾಲವಾದ ಕೋಣೆಗಳನ್ನು ಕಟ್ಟುತ್ತೇನೆ. ಈ ಕಡೆ ಒಂದು ಕುರ್ಚಿ, ಆ ಕಡೆ ಏನೂ ಇಲ್ಲ. ಆ ‘ಏನೂ ಇಲ್ಲ’ವನ್ನು ಎಲ್ಲಿ ಇಡಬೇಕು ಎಂಬುದೇ ವಿನ್ಯಾಸದ ಗುಟ್ಟು ಎಂದು ನನ್ನ ನಂಬಿಕೆ. ನಿಜವಾದ ಮನೆಯಲ್ಲಿ ಅದನ್ನು ಇಡಲು ಅಮ್ಮ ಬಿಡುವುದಿಲ್ಲ. ಗೋಡೆಗೆ ಮೊಳೆಯಿದ್ದರೆ ಅದಕ್ಕೊಂದು ಕ್ಯಾಲೆಂಡರು ಬೇಕು, ಕ್ಯಾಲೆಂಡರು ಬಂದರೆ ಅದಕ್ಕೊಂದು ಮೊಳೆ ಬೇಕು. ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಸೈಕಲ್ ಅಂಗಡಿಯವರೆಲ್ಲ ಸೇರಿ ನಮ್ಮ ಮನೆಯ ಗೋಡೆಗಳನ್ನು ಹಂಚಿಕೊಂಡಿದ್ದಾರೆ. ನನ್ನ ಕೋಣೆಯ ಒಂದು ಗೋಡೆಯನ್ನು ಮಾತ್ರ ನಾನು ಹಟ ಮಾಡಿ ಉಳಿಸಿಕೊಂಡಿದ್ದೇನೆ. ಫೋಟೋ ತೆಗೆಯುವಾಗ ಕೋಣೆಯ ಸಾಮಾನನ್ನೆಲ್ಲ ಮಂಚದ ಮೇಲೆ ಗುಡ್ಡೆ ಹಾಕಿ, ಆ ಗುಡ್ಡೆಗೆ ಬೆನ್ನು ಕೊಟ್ಟು ನಿಲ್ಲುತ್ತೇನೆ. ನನ್ನ ನೆಮ್ಮದಿಯ ಹಿಂದೆ ಯಾವಾಗಲೂ ಒಂದು ಗುಡ್ಡೆ ಇರುತ್ತದೆ.

ಈ ಪುಟದ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಮಾರನೆಯ ದಿನವೇ ಶಿವನಿಯಿಂದ ಕಡೂರಿನವರೆಗಿನ ನೆಂಟರೆಲ್ಲ ಅಲ್ಲಿಗೆ ಬಂದು ‘ಸೂಪರ್ ಪುಟ್ಟಿ’ ಎಂದು ಬರೆಯುತ್ತಾರೆಂಬುದು ನನಗೆ ಗೊತ್ತಿತ್ತು. ಆದರೆ ಒಂದು ಭಾನುವಾರ ಜಗಲಿಯಲ್ಲಿ ಕೂತು ಕೋಣೆಯೊಂದನ್ನು ಕಟ್ಟುತ್ತಿದ್ದಾಗ ಚಿಕ್ಕಪ್ಪ ಹಿಂದಿನಿಂದ ಬಗ್ಗಿ ನೋಡಿಬಿಟ್ಟರು. ನಮ್ಮದೂ ಚಿಕ್ಕಪ್ಪನದೂ ಒಂದೇ ಜಗಲಿಯ ಎರಡು ಮನೆ. ಅಲ್ಲಿ ಗುಟ್ಟು ಇಟ್ಟುಕೊಳ್ಳುವುದೆಂದರೆ ಜರಡಿಯಲ್ಲಿ ನೀರು ಇಟ್ಟುಕೊಂಡ ಹಾಗೆ.

“ಏನ್ ಪುಟ್ಟಿ ಇದು, ನೀನೇ ಮಾಡಿದ್ದಾ?” ಎಂದರು.

“ಹೂಂ ಚಿಕ್ಕಪ್ಪ. ಸುಮ್ಮನೆ.”

“ಹಂಗಾದ್ರೆ ನಂದೊಂದು ಫ್ಲೆಕ್ಸ್ ಮಾಡ್ಕೊಡು.”

ಆಗಷ್ಟೇ ಚಿಕ್ಕಪ್ಪ ಊರಿನ ತೆಂಗು ಬೆಳೆಗಾರರ ಸಂಘಕ್ಕೆ ನಿರ್ದೇಶಕರಾಗಿ ಅವಿರೋಧವಾಗಿ ಆಯ್ಕೆಯಾಗಿದ್ದರು. ಅವಿರೋಧವಾದದ್ದು ರುದ್ರಣ್ಣ ಮಾಮನ ದೆಸೆಯಿಂದ. ಅವರೂ ಅರ್ಜಿ ಹಾಕಿದ್ದವರು, ಗೆಳೆಯ ನಿಂತಿದ್ದಾನೆಂದು ತಿಳಿದ ಕೂಡಲೇ ಹೋಗಿ ವಾಪಸು ತೆಗೆದುಕೊಂಡರು. ಚಿಕ್ಕಪ್ಪನೂ ರುದ್ರಣ್ಣ ಮಾಮನೂ ಚಡ್ಡಿ ಹಾಕುವ ಕಾಲದಿಂದ ಜೋಡಿ. ಬೆಳಿಗ್ಗೆ ರುದ್ರಣ್ಣ ಮಾಮ ಬೈಕಿನಲ್ಲಿ ಬಂದು ನಮ್ಮ ಜಗಲಿಯ ಮುಂದೆ ಹಾರನ್ ಒತ್ತುತ್ತಾರೆ, ಚಿಕ್ಕಪ್ಪ ಹಿಂದೆ ಕೂರುತ್ತಾರೆ, ಇಬ್ಬರೂ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಒಂದು ಕಾಫಿಯನ್ನು ಬೈ ಟೂ ಮಾಡಿಸಿ ಕುಡಿದು ಬರುತ್ತಾರೆ. ಎರಡು ಕಾಫಿ ಕುಡಿಯುವ ಶಕ್ತಿ ಇಬ್ಬರಿಗೂ ಇದೆ. ಆದರೂ ಬೈ ಟೂ.

ನಾನು ಒಂದು ಷರತ್ತು ಹಾಕಿದೆ. ಫ್ಲೆಕ್ಸ್ ಮಾಡಿದ್ದು ನಾನು ಎಂದು ಯಾರಿಗೂ ಹೇಳಕೂಡದು. ಚಿಕ್ಕಪ್ಪ ಗಂಟಲು ಮುಟ್ಟಿಕೊಂಡು “ಯಾರಿಗೂ ಹೇಳಲ್ಲ ಕಣವ್ವ” ಎಂದರು. ಆಮೇಲೆ, “ಪಕ್ಕದಲ್ಲಿ ರುದ್ರಂದು ಹಾಕ್ಬೇಕಲ್ಲ. ಕೆಮ್ಮಣ್ಣುಗುಂಡೀಲಿ ಕೂಲಿಂಗ್ ಗ್ಲಾಸ್ ಹಾಕ್ಕೊಂಡು ತೆಗೆಸಿದ್ನಲ್ಲ, ಅದು ಚೆನ್ನಾಗೈತೆ” ಎಂದರು.

ಇಲ್ಲಿ ನನ್ನ ವಿದ್ಯೆ ಅಡ್ಡ ಬಂತು. ನೋಡಿ ಚಿಕ್ಕಪ್ಪ, ಎಂದು ನಾನು ಪಾಠದ ಧಾಟಿಯಲ್ಲಿ ವಿವರಿಸಿದೆ. ಒಬ್ಬರ ಫೋಟೋ ಹಾಕಿದರೆ ಹಾಕಿಸಿಕೊಳ್ಳದವರಿಗೆಲ್ಲ ಬೇಜಾರು. ಎಲ್ಲರದ್ದೂ ಹಾಕಿದರೆ ಕೆಳಗಿನ ಸಾಲಿನವರಿಗೆ ಬೇಜಾರು. ಯಾರದ್ದೂ ಹಾಕದಿದ್ದರೆ ಯಾರಿಗೂ ಬೇಜಾರಿಲ್ಲ. ತರ್ಕದಲ್ಲಿ ಒಂದು ಬಿರುಕೂ ಇರಲಿಲ್ಲ. ಚಿಕ್ಕಪ್ಪನಿಗೆ ಓದಿದವರ ಮೇಲೆ ಬಹಳ ಗೌರವ. “ನಿಂಗೆ ತಿಳೀದೇ ಇರ್ತದಾ” ಎಂದು ಒಪ್ಪಿಕೊಂಡರು.

ನಾನು ಆ ಫ್ಲೆಕ್ಸನ್ನು ಎಷ್ಟು ಖುಷಿಯಿಂದ ಮಾಡಿದೆನೆಂದರೆ, ಮಾಡುವಾಗ ನಾನೇ ಗುನುಗುತ್ತಿದ್ದದ್ದು ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಕೇಳಿಸಿತಂತೆ. ಸುಣ್ಣದ ಬಿಳಿ ಹಿನ್ನೆಲೆ. ಎಡಕ್ಕೆ ಎಳನೀರಿನ ಸಿಪ್ಪೆಯ ಹಸಿರಿನಲ್ಲಿ ಒಂದು ಪಟ್ಟಿ, ಅದರ ಮೇಲೆ ಕೈಮುಗಿದು ನಿಂತ ಚಿಕ್ಕಪ್ಪ. ಕೆಳಗೆ ಹೆಸರು, ಆಯ್ಕೆಯ ವಿಷಯ, ಒಂದೇ ಸಾಲು. ಬಲಕ್ಕೆ ಏನೂ ಇಲ್ಲ. ಎಷ್ಟು ಚಂದದ ‘ಏನೂ ಇಲ್ಲ’ ಅದು. ನಮ್ಮ ಕಡೆಯ ಫ್ಲೆಕ್ಸುಗಳನ್ನು ನೋಡಿದವರಿಗೆ ಇದರ ಧೈರ್ಯ ಅರ್ಥವಾದೀತು. ಅವುಗಳಲ್ಲಿ ಮೇಲೆ ದೊಡ್ಡವರ ಮುಖಗಳು, ನಡುವೆ ಫೋನು ಕಿವಿಗಿಟ್ಟುಕೊಂಡ ನಾಯಕ, ಕೆಳಗೆ ‘ಶುಭ ಕೋರುವವರು’ ಎಂದು ಗುಂಡುಗುಂಡಾದ ಚೌಕಟ್ಟಿನಲ್ಲಿ ಊರಿಗೆ ಊರೇ, ಮಿಕ್ಕ ಸಂದಿಯಲ್ಲಿ ಆನೆ.

ತರೀಕೆರೆಯ ಫ್ಲೆಕ್ಸ್ ಅಂಗಡಿಗೆ ಚಿಕ್ಕಪ್ಪನ ಜೊತೆ ನಾನೂ ಹೋದೆ, ಬರೀ ಜೊತೆಗೆ ಬಂದವಳ ಹಾಗೆ, ಮೂಲೆಯ ಬೆಂಚಿನ ಮೇಲೆ ಕೂತೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಫೈಲು ತೆರೆದು, ಇನ್ನೂ ಪೂರ್ತಿ ಬಂದಿಲ್ಲವೆಂದುಕೊಂಡು ಸ್ವಲ್ಪ ಹೊತ್ತು ಕಾದ.

“ಯಜಮಾನ್ರೇ, ಇಲ್ಲಿ ಯಾರ್ ಬತ್ತಾರೆ?” ಎಂದು ಬಲಗಡೆ ತೋರಿಸಿದ.

“ಯಾರೂ ಬರಲ್ಲ.”

“ಆನೆ?”

“ಆನೇನೂ ಬರಲ್ಲ.”

“ಹೋಗ್ಲಿ, ಪಾರಿವಾಳ ಬಿಡ್ಲಾ?”

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡುತ್ತಲೇ ತಲೆಯಾಡಿಸಿದೆ. “ಬ್ಯಾಡ” ಎಂದರು. ಅವರು ಹೊರಗೆ ನೀರು ಕುಡಿಯಲು ಹೋದಾಗ ಅಂಗಡಿಯವನು ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದ: “ಅಕ್ಕ, ತಪ್ಪು ತಿಳ್ಕಬೇಡಿ. ಇಷ್ಟು ತಣ್ಣಗಿರೋ ಫ್ಲೆಕ್ಸ್ ನಾವು ಹೋದವ್ರಿಗೆ ಮಾತ್ರ ಮಾಡೋದು. ಇವ್ರು ಬದುಕಿದ್ದಂಗೇ ಯಾಕೆ ಮಾಡಿಸ್ತಾವ್ರೆ?” ಪಾಪ, ಹೊಸದನ್ನು ಕಂಡವನಲ್ಲ ಎಂದುಕೊಂಡು ನಾನು ಮನಸ್ಸಿನಲ್ಲೇ ಅವನನ್ನು ಕ್ಷಮಿಸಿದೆ.

ಫ್ಲೆಕ್ಸು ಅಜ್ಜಂಪುರದ ಬಸ್‌ಸ್ಟ್ಯಾಂಡಿನ ಎದುರು ಏರಿತು. ಹೆಸರನ್ನು ಮಸುಕು ಮಾಡಿ ಅದರ ಚಿತ್ರವನ್ನು ನನ್ನ ಪುಟಕ್ಕೂ ಏರಿಸಿ ರೈಲು ಹತ್ತಿದೆ. ಕಡೂರು ಬರುವುದರೊಳಗೆ ಮೆಚ್ಚುಗೆಯ ಮಳೆ. ‘ಖಾಲಿತನಕ್ಕೂ ಒಂದು ದನಿಯಿದೆ’ ಎಂದು ಒಬ್ಬರು. ‘ಆ ಬಲಭಾಗದಲ್ಲಿ ಕಣ್ಣು ಮಲಗಿಬಿಡುತ್ತದೆ’ ಎಂದು ಇನ್ನೊಬ್ಬರು. ಎದುರಿಗೆ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬರನ್ನು ನೋಡಿ ನಾನು, ಅಪರಿಚಿತರನ್ನು ನೋಡಿ ಎಂದೂ ನಗದವಳು, ಹಲ್ಲು ಬಿಟ್ಟು ನಕ್ಕೆ. ಅಜ್ಜಿ ಕೋಳಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು.

ಅದೇ ಹೊತ್ತಿಗೆ ಅಜ್ಜಂಪುರದಲ್ಲಿ ಯಾರ ಕಣ್ಣೂ ಮಲಗಿರಲಿಲ್ಲ. ನಾನು ಬಿಟ್ಟ ಜಾಗ ಸರಿಯಾಗಿ ಒಬ್ಬ ಗಂಡಾಳು ನಿಲ್ಲುವಷ್ಟಿತ್ತು, ಅದೂ ಚಿಕ್ಕಪ್ಪನ ಬಲಗಡೆ. ಇದುವರೆಗಿನ ಎಲ್ಲ ಫ್ಲೆಕ್ಸಿನಲ್ಲೂ ಎಲ್ಲ ಮದುವೆಯ ಫೋಟೋದಲ್ಲೂ ಆ ಬಲಗಡೆ ನಿಂತವರು ರುದ್ರಣ್ಣ ಮಾಮ. ಫ್ಲೆಕ್ಸಿನಲ್ಲಿ ಜಾಗ ಖಾಲಿಯಿದೆ ಎಂದರೆ ಅಲ್ಲಿಂದ ಯಾರನ್ನೋ ತೆಗೆದಿದ್ದಾರೆ ಎಂದೇ ನಮ್ಮೂರಿನ ಅರ್ಥ. ಕಾಫಿ ಆರುವುದರೊಳಗೆ ಊರು ಲೆಕ್ಕ ಮುಗಿಸಿತು: ರುದ್ರಣ್ಣ ಅರ್ಜಿ ವಾಪಸು ತೆಗೆದುಕೊಂಡ, ಕೆಲಸ ಆಯಿತು, ಇವನು ರುದ್ರಣ್ಣನನ್ನು ತೆಗೆದ.

ಆ ಚಿತ್ರ ಊರಿನ ಗ್ರೂಪಿಗೆ ಬಂತು. ಯಾರೋ ಹುಡುಗಾಟಕ್ಕೆ ಆ ಜಾಗದಲ್ಲಿ ಒಂದು ಅಮೃತಮಹಲ್ ಹೋರಿಯನ್ನು ನಿಲ್ಲಿಸಿ ಕಳಿಸಿದರು. ಇನ್ನೊಬ್ಬರು ಹೋರಿಯನ್ನು ತೆಗೆದು ಟ್ರ್ಯಾಕ್ಟರ್ ನಿಲ್ಲಿಸಿದರು. ಸಂಜೆಯೊಳಗೆ ಚಿಕ್ಕಪ್ಪನ ಪಕ್ಕದಲ್ಲಿ ಒಬ್ಬ ಮದುಮಗ, ಒಂದು ಬೋರ್‌ವೆಲ್ ಲಾರಿ, ಸೊಂಡಿಲೆತ್ತಿದ ಒಂದು ಆನೆ ಬಂದು ನಿಂತು ಹೋಗಿದ್ದವು. ಅಸಲಿ ಫ್ಲೆಕ್ಸಿನ ಮೇಲೂ ‘ಮನೆ ಬಾಡಿಗೆಗಿದೆ’ ಎಂಬ ಚೀಟಿ ಅಂಟಿಕೊಂಡಿತು. ಅಷ್ಟು ಒಳ್ಳೆಯ ಜಾಗ ಸುಮ್ಮನೆ ಬಿಡುವುದು ಯಾರಿಗೂ ಸರಿಕಂಡಿರಲಿಲ್ಲ. ಶಿವನಿಯಿಂದ ಚಿಕ್ಕಮ್ಮನ ತಮ್ಮ ಫೋನು ಮಾಡಿ, “ಭಾವ, ಆ ಜಾಗ ನಂಗೇ ಅಂತ ಇಟ್ಟಿದೀರಂತೆ. ಫೋಟೋ ಕಳಿಸ್ಲಾ, ಇಲ್ಲ ಹೊಸದು ತೆಗೆಸ್ಲಾ?” ಎಂದ.

ಮಾರನೆಯ ಬೆಳಿಗ್ಗೆ ಹಾರನ್ ಕೇಳಲಿಲ್ಲ. ಚಿಕ್ಕಪ್ಪ ಇಸ್ತ್ರಿ ಶರ್ಟು ಹಾಕಿ ಜಗಲಿಯ ತುದಿಯಲ್ಲಿ ಕೂತಿದ್ದರು. ಬೀದಿಯಲ್ಲಿ ಬೈಕಿನ ಸದ್ದಾದಾಗೆಲ್ಲ ಅರ್ಧ ಏಳುತ್ತಿದ್ದರು, ಮತ್ತೆ ಕೂರುತ್ತಿದ್ದರು. ಅದರ ಮಾರನೆಯ ಬೆಳಿಗ್ಗೆಯೂ ಹಾಗೆಯೇ. ಫೋನು ಮಾಡಿದರೆ ರುದ್ರಣ್ಣ ಮಾಮ ಎತ್ತುತ್ತಿರಲಿಲ್ಲ. ಚಿಕ್ಕಮ್ಮ ಲೋಟದ ತುಂಬ ಕಾಫಿ ತಂದುಕೊಟ್ಟರೆ ಚಿಕ್ಕಪ್ಪ ಅರ್ಧ ಕುಡಿದು ಅರ್ಧ ಹಾಗೆಯೇ ಇಡುತ್ತಿದ್ದರು.

“ನೀನೇ ಮಾಡಿದ್ದು ಅಂತ ನಿಮ್ ಚಿಕ್ಕಪ್ಪ ಒಂದ್ ಮಾತು ಅಂದಿದ್ರೆ ಮುಗೀತಿತ್ತು” ಎಂದರು ಚಿಕ್ಕಮ್ಮ, ನನ್ನನ್ನು ಹಿತ್ತಿಲಿಗೆ ಕರೆದು. “ಕೇಳಿದ್ರೆ, ಪುಟ್ಟಿಗೆ ಮಾತು ಕೊಟ್ಟಿದೀನಿ ಅಂತಾರೆ. ನಲವತ್ತು ವರ್ಷದ ದೋಸ್ತಿ ಹೋಯ್ತದಲ್ಲೇ, ನಿನ್ ಒಂದು ಮಾತಿಗೆ.”

ನಾನು ಕೋಣೆಗೆ ಹೋಗಿ ನನ್ನ ಖಾಲಿ ಗೋಡೆಯ ಎದುರು ಕೂತೆ. ನೆಮ್ಮದಿ ಬರಲಿಲ್ಲ. ಗೋಡೆಯಲ್ಲೂ ಒಬ್ಬ ಗಂಡಾಳಿನಷ್ಟು ಜಾಗ ಕಾಣತೊಡಗಿತು. ಸರಿ, ರುದ್ರಣ್ಣ ಮಾಮನಿಗೆ ನಾನೇ ಬರೆಯುತ್ತೇನೆಂದು ಫೋನು ತೆಗೆದೆ. ‘ಮಾಮ, ಆ ಫ್ಲೆಕ್ಸಿನ ವಿಚಾರ’ ಎಂದು ಬರೆದೆ, ಅಳಿಸಿದೆ. ‘ಮಾಮ, ನಮಸ್ಕಾರ’ ಎಂದು ಬರೆದೆ, ಅಳಿಸಿದೆ. ಹೀಗೆ ಬರೆದು ಅಳಿಸುತ್ತಿರುವುದು ಆ ಕಡೆಗೆ ಕಾಣುತ್ತದೆಂಬುದು ನನಗೆ, ಅದರಿಂದಲೇ ಜೀವನವಿಡೀ ನರಳಿದವಳಿಗೆ, ಹೊಳೆಯಲೇ ಇಲ್ಲ. ‘ಏನಮ್ಮ, ಹೇಳು’ ಎಂದು ಬಂತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಒತ್ತಿದೆ. ಗುಲಾಬಿಯ ಮೇಲೆ ಸೂರ್ಯ ಹುಟ್ಟುವ ಶುಭೋದಯದ ಚಿತ್ರವೊಂದು ಹೋಯಿತು. ಆಗ ಸಂಜೆ. ರುದ್ರಣ್ಣ ಮಾಮ ಎರಡು ಕೈ ಮುಗಿದ ಚಿತ್ರ ಕಳಿಸಿದರು.

ಇನ್ನು ಉಳಿದದ್ದು ಕಾಲು. ಚಪ್ಪಲಿ ಮೆಟ್ಟಿ ಹೊರಟೆ. ರುದ್ರಣ್ಣ ಮಾಮ ಅಂಗಳದಲ್ಲಿ ಒಣಗಿದ ಕೊಬ್ಬರಿಯನ್ನು ಚೀಲಕ್ಕೆ ತುಂಬುತ್ತಿದ್ದರು. ಅವರ ಹೆಂಡತಿ ಗಿರಿಜತ್ತೆ ನನ್ನನ್ನು ಕೂರಿಸಿ, ಇವಳು ಕರೆಯದೆ ಬಂದಿದ್ದಾಳೆಂದರೆ ಏನೋ ಆಗಿದೆ ಎಂಬಂತೆ ಮುಖ ನೋಡಿದರು. ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. “ಮಾಮ, ಆ ಫ್ಲೆಕ್ಸ್ ಮಾಡಿದ್ದು ನಾನು. ಆ ಜಾಗ ಯಾರನ್ನೂ ತೆಗೆದದ್ದಲ್ಲ. ಅದು ವಿನ್ಯಾಸ” ಎಂದೆ.

“ಏನದು?” ಎಂದರು ಮಾಮ.

ಹೇಳಿ ಪ್ರಯೋಜನವಿಲ್ಲವೆನಿಸಿ, ಅದುವರೆಗೆ ಯಾರಿಗೂ ತೋರಿಸದ ನನ್ನ ಪುಟವನ್ನು ತೆರೆದು ಫೋನನ್ನು ಅವರ ಕೈಗೆ ಕೊಟ್ಟೆ. ಮಾಮ ಕೊಬ್ಬರಿಯ ಎಣ್ಣೆಗೈಯಲ್ಲಿ ನಿಧಾನವಾಗಿ ಸರಿಸುತ್ತ ಹೋದರು. ಗೋಡೆ. ಗೋಡೆ. ಕಿಟಕಿ. ಗೋಡೆ. ಸ್ಟೂಲು.

“ಯಾರ ಮನೆ ಇದು?”

“ನಮ್ದೇ ಮಾಮ. ನನ್ನ ರೂಮು.”

“ಸಾಮಾನೆಲ್ಲ ಎಲ್ಲಿ ಹೋಯ್ತು?”

“ಮಂಚದ ಮೇಲೆ ಗುಡ್ಡೆ ಹಾಕಿರ್ತೀನಿ.”

ಗಿರಿಜತ್ತೆಯೂ ಬಗ್ಗಿದರು. “ಈ ಬೋಳು ಗೋಡೆಗೆ ಇಷ್ಟೊಂದು ಜನ ಲೈಕ್ ಕೊಟ್ಟವ್ರಾ? ಪಾಪ, ಅವ್ರ ಮನೇಲೂ ಏನೂ ಇಲ್ವೇನೋ.” ಆಮೇಲೆ ದನಿ ತಗ್ಗಿಸಿ, “ಕಾಲೇಜಲ್ಲಿ ಯಾರಾದ್ರೂ ಏನಾದ್ರೂ ಅಂದ್ರೇನೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು.

ಮಾಮ ಫೋನು ವಾಪಸು ಕೊಟ್ಟರು. “ಹಂಗಾದ್ರೆ ನನ್ನ ತೆಗ್ದಿಲ್ಲ ಅನ್ನು.”

“ಇಲ್ಲ ಮಾಮ. ನಿಮ್ಮನ್ನ ಹಾಕೇ ಇರ್ಲಿಲ್ಲ, ತೆಗೆಯೋದೆಲ್ಲಿಂದ ಬಂತು?”

ನಿಖರವಾಗಿ ಮಾತಾಡುವವರಿಗೆ ಇಂಥ ಹೊತ್ತಿನಲ್ಲಿ ಬಾಯಿಗೆ ಬಟ್ಟೆ ಕಟ್ಟಬೇಕು. ಮಾಮನ ಮುಖ ಬಾಡಿತು. “ಹಾಕೇ ಇರ್ಲಿಲ್ವಾ” ಎಂದು ಮೆಲ್ಲಗೆ ಹೇಳಿ ಕೊಬ್ಬರಿಯ ಕಡೆ ತಿರುಗಿದರು. ನಾನು ಎದ್ದು ನಿಂತು, ಒಂದೇ ಉಸಿರಿನಲ್ಲಿ, “ಚಿಕ್ಕಪ್ಪ ಮೊದಲು ಹೇಳಿದ್ದೇ ನಿಮ್ಮ ಫೋಟೋ ಹಾಕು ಅಂತ. ಬೇಡ ಅಂದಿದ್ದು ನಾನು” ಎಂದೆ.

ಮಾಮನ ಕೈ ನಿಂತಿತು. “ಅವ್ನೇ ಅಂದ್ನಾ?”

“ಹೂಂ.”

“ಯಾವ ಫೋಟೋ ಅಂದ?”

“ಕೆಮ್ಮಣ್ಣುಗುಂಡೀದು. ಕೂಲಿಂಗ್ ಗ್ಲಾಸಿಂದು.”

ರುದ್ರಣ್ಣ ಮಾಮ ಕೈಯಲ್ಲಿದ್ದ ಕೊಬ್ಬರಿಯನ್ನು ಕೆಳಗಿಟ್ಟರು. ಆಮೇಲೆ, “ಅದು ಚೆನ್ನಾಗೈತೆ” ಎಂದರು. ಕೈ ತೊಳೆದರು. ಒಳಗೆ ಹೋಗಿ ಶರ್ಟು ಬದಲಿಸಿ ಬಂದು ಬೈಕು ಹತ್ತಿದರು. ನಾನಿರುವುದು ಅವರಿಗೆ ಮರೆತೇ ಹೋಗಿತ್ತು. ಬೋಳು ಗೋಡೆಗೆಂದು ಗಿರಿಜತ್ತೆ ಕೊಟ್ಟ ಕ್ಯಾಲೆಂಡರನ್ನು ಕಂಕುಳಲ್ಲಿಟ್ಟುಕೊಂಡು ನಾನು ನಡೆದು ಬರುವಷ್ಟರಲ್ಲಿ ಜಗಲಿ ಖಾಲಿಯಾಗಿತ್ತು. ಇಬ್ಬರೂ ಬೈ ಟೂಗೆ ಹೋಗಿದ್ದರು, ಸಂಜೆ ಹೊತ್ತಿನಲ್ಲಿ.

ಅಲ್ಲಿ ಹೋಟೆಲಿನ ಮೇಜಿನ ಮೇಲೆಯೇ ಹೊಸ ಫ್ಲೆಕ್ಸು ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ವಾರ ಕಳೆಯುವುದರೊಳಗೆ ಅದು ಏರಿತು. ನಡುವೆ ಚಿಕ್ಕಪ್ಪ, ಬಲಕ್ಕೆ ಅವರಷ್ಟೇ ಎತ್ತರದ ರುದ್ರಣ್ಣ ಮಾಮ, ಎರಡೂ ಬದಿಗೆ ಆನೆ, ಆನೆಗಳ ಕಾಲ ಸಂದಿಯಲ್ಲಿ ತೆಂಗಿನಕಾಯಿ, ಕೆಳಗೆ ಸಾಲು ಸಾಲಾಗಿ ಶುಭ ಕೋರುವವರು. ಬೆರಳು ತೂರಿಸಲೂ ಸಂದಿಯಿಲ್ಲ. ಅದರ ಚಿತ್ರ ಕುಟುಂಬದ ಗ್ರೂಪಿಗೆ ಬಂದಾಗ ಹಿಗ್ಗಿಸಿ ನೋಡುತ್ತಿದ್ದವಳಿಗೆ ಜೀವ ಹಾರಿತು. ಆ ಗುಂಡು ಚೌಕಟ್ಟುಗಳ ನಡುವೆ ಒಂದರಲ್ಲಿ ಪದವಿ ಪ್ರದಾನದ ಕಪ್ಪು ಗೌನು ಹಾಕಿಕೊಂಡು ನಾನಿದ್ದೆ. ಕೆಳಗೆ ‘ಪುಟ್ಟಿ ಮೇಡಂ, ಎಂ.ಎಸ್ಸಿ.’ ಚಿಕ್ಕಮ್ಮನ ಹಳೆಯ ಸ್ಟೇಟಸ್ಸಿನಿಂದ ಎತ್ತಿದ್ದಂತೆ. “ಮಾತು ಕೊಟ್ಟಂಗೆ ನಾನ್ ಯಾರಿಗೂ ಹೇಳಿಲ್ಲ ಕಣವ್ವ. ಹಾಕ್ಸಿದ್ದು ರುದ್ರ” ಎಂದರು ಚಿಕ್ಕಪ್ಪ.

ಮಾರನೆಯ ದಿನ ದುಪಟ್ಟಾವನ್ನು ಕಣ್ಣಿನವರೆಗೆ ಸುತ್ತಿಕೊಂಡು ಸ್ಟೇಷನ್ನಿಗೆ ಹೊರಟೆ. ಊರೆಲ್ಲ ನನ್ನನ್ನು ನೋಡುತ್ತದೆ, ಬಸ್‌ಸ್ಟ್ಯಾಂಡು ದಾಟುವಾಗ ಮಕ್ಕಳು ‘ಪುಟ್ಟಿ ಮೇಡಂ’ ಎಂದು ಕೂಗುತ್ತವೆ, ನಾನು ಅಲ್ಲೇ ಕರಗಿ ಹೋಗುತ್ತೇನೆ ಎಂದುಕೊಂಡಿದ್ದೆ. ಯಾರೂ ತಿರುಗಿ ನೋಡಲಿಲ್ಲ. ದುಪಟ್ಟಾವನ್ನು ಮೂಗಿನವರೆಗೆ ಇಳಿಸಿದೆ. ಉಹೂಂ. ಪೂರ್ತಿ ತೆಗೆದು, ಫ್ಲೆಕ್ಸಿನ ಕೆಳಗೇ ಹೋಗಿ ನಿಂತೆ. ಹೂ ಮಾರುವಾಕೆ, “ಒಸಿ ಸರ್ಕೊಳವ್ವ, ಬಿಸ್ಲು ಬತ್ತದೆ” ಎಂದಳು. ಆಗ ನನಗೆ ಹೊಳೆಯಿತು. ಅಷ್ಟು ಜನರ ನಡುವೆ ನಾನು ಯಾರಿಗೂ ಕಾಣುವುದಿಲ್ಲ. ಖಾಲಿ ಗೋಡೆಯ ಮೇಲೆ ಒಂದು ಇರುವೆ ಹರಿದರೂ ಕಣ್ಣಿಗೆ ಬೀಳುತ್ತದೆ. ಈ ಫ್ಲೆಕ್ಸಿನಲ್ಲಾದರೋ ಆನೆಯೇ ಎರಡು ಸಲ ನೋಡಿದ ಮೇಲೆ ಸಿಗುವುದು. ಅಡಗಿಕೊಳ್ಳಲು ಇಡೀ ತಾಲ್ಲೂಕಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನನಗೆ ಎಂಥ ಹಗುರವೆನಿಸಿತೆಂದರೆ, ನಡುಬೀದಿಯಲ್ಲಿ ಒಬ್ಬಳೇ ನಗುತ್ತ, ಹತ್ತಬೇಕಾದ ರೈಲು ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಹಾಗೆ ನಿಂತಿದ್ದರಿಂದಲೇ ಸ್ವಲ್ಪ ಸರಿಯಾಗಿ ನೋಡುವಂತಾಯಿತು. ನಾನು ಇದ್ದದ್ದು ಕೊನೆಯ ಸಾಲು. ಅದರಲ್ಲೂ ಕೊನೆಯವಳು. ಹಗ್ಗ ಕಟ್ಟಲು ಮಾಡಿದ ತೂತು ನನ್ನ ಗೌನಿನ ಭುಜದ ಮೇಲೆಯೇ ಬಂದಿತ್ತು. ನನಗಿಂತ ಮೇಲಿನ ಸಾಲಿನಲ್ಲಿ, ನನಗಿಂತ ದೊಡ್ಡ ಗುಂಡಿನಲ್ಲಿ ಶಿವನಿಯ ಚಿಕ್ಕಮ್ಮನ ತಮ್ಮ, ಹೊಸದಾಗಿ ತೆಗೆಸಿದ ಫೋಟೋ. ಅವನು ಮಾಡಿದ್ದೇನು? ಒಂದು ಫೋನು. ಈ ಮನೆಯ ದೋಸ್ತಿ ಉಳಿಸಲು ಅಷ್ಟು ದೂರ ನಡೆದುಹೋದವಳು ಯಾರು? ನನಗೆ ಇಂಥದ್ದರಲ್ಲೆಲ್ಲ ಆಸಕ್ತಿಯಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಆದರೂ ವಿನ್ಯಾಸದ ದೃಷ್ಟಿಯಿಂದ ಒಂದು ಮಾತು ಹೇಳಬೇಕಲ್ಲ ಎಂದು ತರೀಕೆರೆಯ ಅಂಗಡಿಗೆ ಫೋನು ಮಾಡಿದೆ. ಮುಂದಿನ ಸಲ ಇವರದೇ ಫ್ಲೆಕ್ಸು ಬಂದರೆ, ಕೊನೆಯ ಸಾಲಿನ ಕೊನೆಯಲ್ಲಿ ಗೌನು ಹಾಕಿಕೊಂಡು ಒಬ್ಬ ಹುಡುಗಿ ಇದ್ದಾಳಲ್ಲ, ಆಕೆಯನ್ನು ಎರಡನೇ ಸಾಲಿಗೆ, ಕಾಣುವ ಹಾಗೆ ಹಾಕಿ ಎಂದೆ.

“ಆಯ್ತಕ್ಕ. ಯಾರು ಹೇಳಿದ್ರು ಅನ್ಲಿ?” ಎಂದ ಅಂಗಡಿಯವನು.

“ಹೆಸರು ಬೇಡ” ಎಂದೆ. “ಆ ಹುಡುಗಿ ಕಡೆಯವರು ಅಂತ ಹೇಳಿ.”